ಎಲ್ಲರೂ ಬರೆಯುವ ವಿಶ್ವಕೋಶ

ಬೆಲೆಯಿಲ್ಲದೆ ದೊರೆಯುವ ವಸ್ತುವಿನಲ್ಲಿ ನಮಗೆ ಆಸೆ ಹೆಚ್ಚು, ನಂಬಿಕೆ ಕಡಮೆ. ವಿಕಿಪೀಡಿಯದ ಪಾಡೂ ಇದೇ. ವಿದ್ಯಾರ್ಥಿಗಳಾದ ನಾವು ಅದನ್ನು ದಿನವೂ ತೆರೆಯುತ್ತೇವೆ. ಅದೊಂದನ್ನೇ ನಂಬಬೇಡಿರೆಂದು ಅಧ್ಯಾಪಕರು ಎಚ್ಚರಿಸುತ್ತಾರೆ. ಅದರ ಆಕರ್ಷಣೆ ಯಾವುದರಲ್ಲಿದೆ ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಮಾಡಬಯಸುತ್ತೇನೆ.

ಹಲವರ ನೆರವಿನಿಂದ ಕೋಶ ಕಟ್ಟುವುದು ಹೊಸ ಮಾತಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕರಾದ ಜೇಮ್ಸ್ ಮರೆ 1879ರಲ್ಲಿ ಸಾರ್ವಜನಿಕರಿಗೆ ಮನವಿ ಮಾಡಿ, ಓದಿದ ಪುಸ್ತಕಗಳಲ್ಲಿನ ಪದಪ್ರಯೋಗಗಳನ್ನು ಚೀಟಿಗಳಲ್ಲಿ ಬರೆದು ಕಳುಹಿಸಿರೆಂದು ಕೇಳಿಕೊಂಡರು. ಲಕ್ಷಾಂತರ ಚೀಟಿಗಳು ಬಂದುವು. ಆದರೆ ಯಾವುದನ್ನು ಅಚ್ಚುಮಾಡಬೇಕೆಂಬ ಅಧಿಕಾರ ಸಂಪಾದಕರಲ್ಲಿಯೇ ಉಳಿಯಿತು.

ವಿಕಿಪೀಡಿಯದಲ್ಲಿ ಆ ಅಧಿಕಾರವೇ ಹಂಚಿಹೋಯಿತು. ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಮೊದಲು, 2000ದಲ್ಲಿ, ನ್ಯೂಪೀಡಿಯ ಎಂಬ ಕೋಶವನ್ನು ಆರಂಭಿಸಿದ್ದರು. ಅದರ ಲೇಖನಗಳು ಏಳು ಹಂತಗಳ ಪರಿಶೀಲನೆಯನ್ನು ದಾಟಬೇಕಾಗಿದ್ದುದರಿಂದ ಅದು ಬಹು ನಿಧಾನವಾಗಿ ಬೆಳೆಯಿತು. ಅದಕ್ಕೆ ನೆರವಾಗಲೆಂದು 2001ರ ಜನವರಿ 15ರಂದು, ಓದುಗನೇ ತಿದ್ದಬಹುದಾದ ವಿಕಿಪೀಡಿಯವನ್ನು ತೆರೆದರು. ಹವಾಯಿ ಭಾಷೆಯಲ್ಲಿ ‘ವಿಕಿ’ ಎಂದರೆ ಬೇಗ. ಹೆಸರಿಗೆ ತಕ್ಕಂತೆ ಅದು ಬೆಳೆಯಿತು. 2003ರಲ್ಲಿ ನ್ಯೂಪೀಡಿಯ ನಿಂತೇಹೋಯಿತು.

ಹಾಗಾದರೆ ತಪ್ಪುಗಳ ಗತಿಯೇನು? ಅಮೆರಿಕದ ಪತ್ರಕರ್ತ ಜಾನ್ ಸೀಗೆಂತಾಲರ್ ಅವರನ್ನು ಕೆನಡಿ ಸೋದರರ ಕೊಲೆಯೊಡನೆ ಸೇರಿಸಿದ ಸುಳ್ಳು ಬರಹವೊಂದು 2005ರಲ್ಲಿ ಸುಮಾರು ನಾಲ್ಕು ತಿಂಗಳು ಅಳಿಯದೆ ಉಳಿದಿತ್ತು. ಅದೇ ವರ್ಷ ‘ನೇಚರ್’ ಪತ್ರಿಕೆ ವಿಜ್ಞಾನದ 42 ಲೇಖನಗಳನ್ನು ಹೋಲಿಸಿದಾಗ, ಸರಾಸರಿ ಒಂದೊಂದರಲ್ಲಿ ವಿಕಿಪೀಡಿಯದಲ್ಲಿ ನಾಲ್ಕು, ಬ್ರಿಟಾನಿಕದಲ್ಲಿ ಮೂರು ತಪ್ಪುಗಳು ಕಂಡುವು. ಈ ಪರೀಕ್ಷೆಯನ್ನು ಬ್ರಿಟಾನಿಕದವರು ಒಪ್ಪಲಿಲ್ಲವೆಂಬುದನ್ನೂ ಹೇಳಬೇಕು.

ಇವೆರಡರಿಂದ ನನಗೆ ತೋರುವುದಿಷ್ಟು: ಹಲವು ಕಣ್ಣುಗಳು ನೋಡುವೆಡೆ ತಪ್ಪು ತಿದ್ದಲ್ಪಡುತ್ತದೆ; ಯಾರೂ ನೋಡದೆಡೆ ಬೇರುಬಿಡುತ್ತದೆ. ಪ್ರತಿಯೊಂದು ಪುಟಕ್ಕೂ ‘ಇತಿಹಾಸ’ ಇದೆ; ಯಾವ ಮಾತು ಎಂದು ಸೇರಿತೆಂಬುದನ್ನು ಅಲ್ಲಿ ಕಾಣಬಹುದು, ಕೆಟ್ಟುದನ್ನು ಹಿಂದಿನ ಸ್ಥಿತಿಗೆ ತರಬಹುದು. ಆದರೆ ಆ ಕೆಲಸಕ್ಕೆ ಜನ ಬೇಕು.

ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಮೈಸೂರು ವಿಶ್ವವಿದ್ಯಾನಿಲಯವು 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು ಯಾರು ಬೇಕಾದರೂ ಬಳಸಬಹುದಾದ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಹಿರಿಯರ ದುಡಿಮೆ ಹೀಗೆ ನಮ್ಮ ಕೈಗೆ ಬಂದಿದೆ. ಇಂಗ್ಲಿಷಿಗೆ ಹೋಲಿಸಿದರೆ ಕನ್ನಡದಲ್ಲಿ ಬರೆಯುವವರೂ ತಿದ್ದುವವರೂ ತೀರ ಕೆಲವರು. ಇಲ್ಲಿ ಉಳಿದ ತಪ್ಪು ಕನ್ನಡವನ್ನೇ ನಂಬಿ ಓದುವ ಮಕ್ಕಳಿಗೆ ಪಾಠವಾಗುತ್ತದೆ.

ಆದುದರಿಂದ ಈ ಜ್ಞಾನದ ಆಕರ್ಷಣೆ ಅದು ಬಿಟ್ಟಿ ಎಂಬುದರಲ್ಲಿಲ್ಲ. ತಿದ್ದುವ ಹಕ್ಕು ನಮಗೂ ಉಂಟೆಂಬುದರಲ್ಲಿದೆ. ಹಕ್ಕಿದ್ದಲ್ಲಿ ಹೊಣೆಯೂ ಇದೆ. ಕೆರೆಯ ನೀರು ಕುಡಿಯುವ ಊರಿನವರೇ ಅದರ ಹೂಳನ್ನೂ ಎತ್ತಬೇಕು. ಸಹಪಾಠಿಗಳು ನಮ್ಮ ಗ್ರಂಥಾಲಯದ ಒಂದು ಒಳ್ಳೆಯ ಪುಸ್ತಕವನ್ನು ಆಧಾರವಾಗಿಟ್ಟುಕೊಂಡು, ವರ್ಷಕ್ಕೊಂದು ಲೇಖನವನ್ನಾದರೂ ತಿದ್ದಿದರೆ ಅದು ಸಣ್ಣ ಸೇವೆಯಲ್ಲ.