ಯಾರೂ ಕರೆಯದ ದಿನ
(ಯುವಜನರ ಅಧ್ಯಯನಕ್ಕೆ: ಮತ್ತಾಯ 20:1-16)

ನಮ್ಮ ಗೂಡಲೂರಿನಿಂದ ಮುಂಜಾನೆ ಜೀಪುಗಳು ಕುಮುಳಿ ಘಾಟಿ ಹತ್ತಿ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಹೋಗುತ್ತವೆ. ಕರೆದರೆ ಕೂಲಿ, ಕರೆಯದಿದ್ದರೆ ಇಲ್ಲ. ಬ್ರಿಟನ್ನಿನಲ್ಲಿ ಇಂಥದ್ದಕ್ಕೆ ‘ಶೂನ್ಯ ಗಂಟೆ ಕರಾರು’ ಎನ್ನುತ್ತಾರೆ. ನಮ್ಮಲ್ಲಿ ಆ ಕಾಗದವೂ ಇಲ್ಲ.

ಅನುಕೂಲವೇ ಇಲ್ಲವೆನ್ನಲಾಗದು. ಮಗುವಿಗೆ ಜ್ವರ ಬಂದರೆ ತಾಯಿ ಯಾರನ್ನೂ ರಜೆ ಕೇಳಬೇಕಿಲ್ಲ. ಕಾಲೇಜು ಹುಡುಗರು ಬಿಡುವಿದ್ದಾಗ ದ್ರಾಕ್ಷಿ ಕೊಯ್ಲಿಗೆ ಹೋಗಬಹುದು. ಆದರೆ ಮಳೆ ಹಿಡಿದ ವಾರ ತೋಟದವರಿಗೆ ಕೂಲಿ ಉಳಿಯುತ್ತದೆ. ಒಲೆ ಆರುವುದು ಕೂಲಿಯವರ ಮನೆಯಲ್ಲಿ.

ಸಾಮತಿಯಲ್ಲಿ ಕೊನೆಗೆ ಬಂದವರನ್ನು ಸೋಮಾರಿಗಳೆಂದುಕೊಳ್ಳುತ್ತೇವೆ. ತಮ್ಮನ್ನು ಯಾರೂ ಕರೆಯಲಿಲ್ಲ ಎಂಬುದೇ ಅವರ ಉತ್ತರ. ಯಜಮಾನ ಅವರಿಗೂ ಇಡೀ ದಿನದ ಕೂಲಿ ಕೊಟ್ಟ. 1891ರ ‘ರೇರುಂ ನೊವಾರುಂ’ನಲ್ಲಿ ಪೋಪ್ ಹದಿಮೂರನೇ ಲಿಯೋ ಬೋಧಿಸಿದ್ದೂ ಇದಕ್ಕೆ ಹತ್ತಿರ: ಇಬ್ಬರೂ ಒಪ್ಪಿದ್ದರೂ, ಬದುಕಿಗೆ ಸಾಲದ ಕೂಲಿ ನ್ಯಾಯವಲ್ಲ.

ಭಾನುವಾರ ಪೂಜೆಯ ನಂತರ ಚರ್ಚಿಸೋಣ: ಕರೆಯದ ದಿನಕ್ಕೆ ಯಾರು ಹೊಣೆ?