ಪ್ರವೇಶಧನವಿಲ್ಲದ ಪಂದ್ಯದ ಪಾಠ

ಹಣ ಕಟ್ಟದೆ ಆಡಬಹುದಾದ ಆನ್‌ಲೈನ್ ಪೋಕರ್ ಪಂದ್ಯಗಳಿಂದ, ಆಟಗಾರರ ಮಾತಿನಲ್ಲಿ ಫ್ರೀರೋಲ್‌ಗಳಿಂದ, ಹೊಸಬನ ಕೌಶಲವು ವೃದ್ಧಿಸುವುದೇ ಎಂದು ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘದಲ್ಲಿ ಭೇಟಿಯಾಗುವ ತರುಣರು ನನ್ನನ್ನು ಕೇಳುವುದುಂಟು. ವಸಂತ್ ಕುಂಜದ ನಮ್ಮ ಡಿ.ಡಿ.ಎ. ಮನೆಗಳಿಗೆ ಗುರುಗ್ರಾಮವು ಅನತಿದೂರ. ಪೋಕರ್‌ಬಾಜಿ, ಅಡ್ಡಾ52 ಮೊದಲಾದ ಸಂಸ್ಥೆಗಳು ನೆಲೆಯೂರಿದ್ದು ಅಲ್ಲಿಯೇ ಆದುದರಿಂದ, ಆ ಆಟದ ಮಾತು ನಮ್ಮ ಬಡಾವಣೆಯಲ್ಲಿ ಸಹಜವಾಗಿತ್ತು. ಚಳಿಗಾಲದ ದೀರ್ಘರಾತ್ರಿಗಳಲ್ಲಿ ನಾನೂ ಅಂಥ ಪಂದ್ಯಗಳನ್ನು ಆಡಿದವನು.

ಅವುಗಳಿಂದ ಆರಂಭದಲ್ಲಿ ಲಾಭವಿರುವುದು ನಿಶ್ಚಯ. ಎಲೆಗಳ ತಾರತಮ್ಯ, ಬ್ಲೈಂಡ್ ಎಂಬ ಕಡ್ಡಾಯ ಪಣವು ಏರುವ ಕ್ರಮ, ಕಡೆಯಲ್ಲಿ ಆಡುವವನಿಗೆ ದೊರೆಯುವ ಅನುಕೂಲ ಇವೆಲ್ಲ ಕಾಸು ಖರ್ಚಿಲ್ಲದೆ ಅಭ್ಯಾಸವಾಗುತ್ತವೆ. 52 ಎಲೆಗಳಿಂದ ಕೈಗೆ ಬರಬಹುದಾದ ಎರಡೆಲೆಯ ಜೋಡಣೆಗಳು 1,326. ಒಂದೇ ಬೆಲೆಯ ಎರಡೆಲೆ ಬರುವುದು ಸರಾಸರಿ 17ಕ್ಕೊಮ್ಮೆ, ಎರಡು ಎಕ್ಕ ಬರುವುದು 221ಕ್ಕೊಮ್ಮೆ. ಈ ಗಣಿತವನ್ನು ಪುಸ್ತಕದಲ್ಲಿ ಓದಿ ತಿಳಿದವನಿಗೂ, ಒಳ್ಳೆಯ ಎಲೆಗಾಗಿ ಕಾದು ಕುಳಿತು ಕೆಟ್ಟ ಎಲೆಯನ್ನು ಬೇಸರವಿಲ್ಲದೆ ಬಿಸುಡುವ ಸಹನೆಯು ಆಡಿಯೇ ಬರತಕ್ಕದ್ದು.

ಆದರೆ ಕಳೆದುಕೊಳ್ಳುವುದೇನೂ ಇಲ್ಲದ ಸ್ಥಳದಲ್ಲಿ ವಿವೇಚನೆಗೆ ಅವಕಾಶವೆಲ್ಲಿ? ಪಂದ್ಯ ತೊಡಗಿದ ಕೆಲವೇ ನಿಮಿಷಗಳಲ್ಲಿ ಮೇಜಿನಲ್ಲಿರುವ ಅನೇಕರು ಎಲೆ ಹೇಗಿದ್ದರೂ ಇದ್ದುದೆಲ್ಲವನ್ನೂ ಪಣಕ್ಕೊಡ್ಡಿ ಆಲ್‌ಇನ್ ಎನ್ನುತ್ತಾರೆ. ಎದುರಿಗೆ ಯಾವುದೋ ಎಲೆ ಹಿಡಿದ ಒಬ್ಬನೇ ಇದ್ದರೆ ಎರಡು ಎಕ್ಕಗಳು ನೂರರಲ್ಲಿ ಸುಮಾರು 85 ಸಲ ಗೆಲ್ಲುತ್ತವೆ. ಎದುರಿಗೆ ಒಂಬತ್ತು ಮಂದಿ ಕೊನೆಯ ಎಲೆಯವರೆಗೆ ನಿಂತರೆ ಗೆಲವು ಸುಮಾರು 31ಕ್ಕೆ ಇಳಿಯುತ್ತದೆ. ಹತ್ತು ಜನರಲ್ಲಿ ಒಬ್ಬನಿಗೆ ನ್ಯಾಯವಾಗಿ ಸಲ್ಲುವ ಪಾಲಿಗಿಂತ ಇದು ಮೂರರಷ್ಟೆಂಬುದನ್ನು ಕಾಣದೆ, ಹೊಸಬನು ಎಕ್ಕಗಳೇ ತನ್ನನ್ನು ವಂಚಿಸಿದುವೆಂದು ಭಾವಿಸುತ್ತಾನೆ. ಬ್ಲಫ್ ಅಂತೂ ಇಲ್ಲಿ ನಿಷ್ಫಲ. ಭಯಪಡಲು ಕಾರಣವಿಲ್ಲದವನನ್ನು ಹೆದರಿಸಿ ಎಲೆ ಬಿಡಿಸುವುದು ಅಸಾಧ್ಯವಷ್ಟೆ.

ಲೆಕ್ಕ ಬರೆಯುವವನಾಗಿ ನನಗೆ ಹೆಚ್ಚು ಮುಖ್ಯವಾದುದು ಕಾಲದ ಬೆಲೆ. ಸಾವಿರ ಜನ ಸೇರಿ 5,000 ರೂಪಾಯಿ ಬಹುಮಾನಕ್ಕಾಗಿ ಸೆಣಸಿದರೆ ತಲೆಗೆ ಸರಾಸರಿ ಐದು ರೂಪಾಯಿ. ಅದಕ್ಕಾಗಿ ಮೂರು ನಾಲ್ಕು ಗಂಟೆಗಳ ನಿದ್ರೆ ಹೋಗುತ್ತದೆ. ಬಹುಮಾನವು ಅನೇಕ ಸಲ ನಗದಾಗಿರದೆ ಹಣ ಕಟ್ಟುವ ಪಂದ್ಯಕ್ಕೆ ಟಿಕೆಟ್ ಆಗಿರುತ್ತಿತ್ತು. ಉಚಿತ ಪಂದ್ಯದ ಉದ್ದೇಶವನ್ನು ನಾನು ತಿಳಿದದ್ದು ಅಲ್ಲಿ. 2000ದ ವಿಶ್ವ ಚಾಂಪಿಯನ್ ಕ್ರಿಸ್ ಫರ್ಗುಸನ್ ಶೂನ್ಯ ಬಂಡವಾಳದಿಂದ, ಇಂಥ ಪಂದ್ಯಗಳಿಂದಲೇ ಆರಂಭಿಸಿ ಮುಂದೆ 10,000 ಡಾಲರ್ ಗಳಿಸಿದ್ದನ್ನು ಉತ್ಸಾಹಿಗಳು ಎತ್ತಿ ಹೇಳುತ್ತಾರೆ. ಅವನನ್ನು ಕಾಪಾಡಿದ್ದು ಒಂದು ಮೇಜಿನಲ್ಲಿ ಬಂಡವಾಳದ ಶೇಕಡಾ 5ಕ್ಕಿಂತ ಹೆಚ್ಚು ಇಡಬಾರದೆಂಬ ನಿಯಮ. ಉಚಿತ ಪಂದ್ಯವು ಕಲಿಸಲಾರದ ಸಂಯಮ ಅದು. ಅವನು ಪಾಲುದಾರನಾಗಿದ್ದ ಫುಲ್ ಟಿಲ್ಟ್ ಎಂಬ ಆನ್‌ಲೈನ್ ಪೋಕರ್ ಸಂಸ್ಥೆಯಾದರೋ 2011ರಲ್ಲಿ ಆಟಗಾರರ ಠೇವಣಿಯನ್ನು ಹಿಂದಿರುಗಿಸಲಾರದೆ ಹೋಯಿತು.

ನಮ್ಮ ದೇಶದಲ್ಲಿ ಈಗ ಸ್ಥಿತಿಯೇ ಬೇರೆ. ಪೋಕರ್ ಕೌಶಲದ ಆಟವೆಂಬ ವಾದಕ್ಕೆ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಬೆಂಬಲ ದೊರೆತಿತ್ತು. ಆನ್‌ಲೈನ್ ಪಣವನ್ನು ನಿಷೇಧಿಸಿದ್ದ ರಾಜ್ಯದ ತಿದ್ದುಪಡಿಯನ್ನು ಆ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ರದ್ದುಗೊಳಿಸಿತು. ಆದರೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಕಾಯಿದೆಯು ಕೌಶಲ, ಅದೃಷ್ಟ ಎಂಬ ಭೇದವೆಣಿಸದೆ ಹಣದ ಆನ್‌ಲೈನ್ ಆಟಗಳೆಲ್ಲವನ್ನೂ ನಿಷೇಧಿಸಿತು. ಅವನ್ನು ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿಯವರೆಗೆ ದಂಡ. ಉಚಿತ ಪಂದ್ಯವು ಯಾವ ಮೇಜಿಗೆ ಮೆಟ್ಟಿಲಾಗಿತ್ತೋ ಆ ಮೇಜೇ ಇಂದು ಕಾನೂನಿನ ಹೊರಗಿದೆ.

ಆದ್ದರಿಂದ ತರುಣ ಮಿತ್ರರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಸಂಭವನೀಯತೆಯ ಗಣಿತವು ನಿಮಗೆ ಪ್ರಿಯವಾಗಿದ್ದರೆ ಮನೆಯಲ್ಲಿ ಗೆಳೆಯರೊಡನೆ ಪಣವಿಲ್ಲದೆ ಆಡಿರಿ, ಉಚಿತ ಪ್ರವೇಶದ ಆಮಿಷವೊಡ್ಡುವ ಪರದೇಶದ ತಾಣಗಳಿಗೆ ಮಾತ್ರ ನಿಮ್ಮ ಪ್ಯಾನ್ ಸಂಖ್ಯೆಯನ್ನಾಗಲಿ ಬ್ಯಾಂಕ್ ಖಾತೆಯ ವಿವರವನ್ನಾಗಲಿ ಕೊಡಬೇಡಿರಿ.