ಜೋಗ ನೋಡೋಣ, ಬೋರ್ಡು ಓದೋಣ

ಸಂತೇಬೆನ್ನೂರಿನ ಹೊಂಡ ನಿಮಗೆ ಗೊತ್ತು. ಸುತ್ತ ಕಲ್ಲಿನ ಮೆಟ್ಟಿಲು. ನಡುವೆ ಚೆಂದದ ಮಂಟಪ. ಹೊಂಡದ ನೀರು ಸುಮ್ಮನೆ ನಿಂತಿರುತ್ತದೆ. ಜೋಗದ ನೀರು ಹಾಗಲ್ಲ. ಅದು ಎತ್ತರದಿಂದ ಧುಮುಕುತ್ತದೆ.

ಜೋಗ ಇರುವುದು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ. ಚನ್ನಗಿರಿ, ಶಿವಮೊಗ್ಗ, ಸಾಗರ ದಾಟಿ ಹೋಗಬೇಕು. ಬಸ್ಸಿನ ಬೋರ್ಡು ನೀವೇ ಓದಿ ಹತ್ತಿ.

ಶರಾವತಿ ನದಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಜೋಗದಲ್ಲಿ ಅದು 830 ಅಡಿ ಕೆಳಗಿನ ಕಣಿವೆಗೆ ಬೀಳುತ್ತದೆ. ಅದಕ್ಕೆ ನಾಲ್ಕು ಕವಲು. ಅವು ರಾಜ, ರಾಣಿ, ರೋರರ್, ರಾಕೆಟ್. ಮಳೆಗಾಲದಲ್ಲಿ ನಾಲ್ಕೂ ತುಂಬಿ ಬೀಳುತ್ತವೆ. ಬೇಸಿಗೆಯಲ್ಲಿ ಸಣ್ಣಗಾಗುತ್ತವೆ.

ಜೋಗದ ಮೇಲ್ಗಡೆ ಲಿಂಗನಮಕ್ಕಿ ಅಣೆಕಟ್ಟು ಇದೆ. ಅದನ್ನು ಕಟ್ಟಿ ಮುಗಿಸಿದ್ದು 1964ರಲ್ಲಿ. ಅಲ್ಲಿ ತಡೆದ ನೀರಿನಿಂದ ಕರೆಂಟು ತಯಾರಾಗುತ್ತದೆ. ಆ ನೀರಿನಲ್ಲಿ ಹಲವು ಹಳ್ಳಿಗಳು ಮುಳುಗಿದವು. ಅಲ್ಲಿಯ ಜನ ಮನೆ, ಗದ್ದೆ ಬಿಟ್ಟು ಹೋದರು. ನಾವು ದೀಪ ಹಚ್ಚುವಾಗ ಅವರನ್ನೂ ನೆನೆಯಬೇಕು.

ಅಣೆಕಟ್ಟು ತುಂಬಿದರೆ ಗೇಟು ತೆಗೆಯುತ್ತಾರೆ. ಆಗ ಹೊಳೆಯಲ್ಲಿ ನೀರು ಬೇಗ ಏರುತ್ತದೆ. ಕಣಿವೆಯ ತಳಕ್ಕೆ ಇಳಿಯಲು ಮೆಟ್ಟಿಲು ಇವೆ. ಮಳೆಗಾಲದಲ್ಲಿ ಅವನ್ನು ಮುಚ್ಚುತ್ತಾರೆ. ಬಂಡೆಗಳ ಮೇಲೆ ಪಾಚಿ ಕಟ್ಟಿರುತ್ತದೆ. ಕಾಲು ಜಾರಿದರೆ ಜೀವಕ್ಕೇ ಅಪಾಯ.

ಅತ್ತೆ, ಸೊಸೆ ಜೋಗಕ್ಕೆ ಹೋದರು ಅಂದುಕೊಳ್ಳಿ. ಅವರ ಮಾತು ಕೇಳಿ.

ಅತ್ತೆ: ಬಾರೇ, ಕಂಬಿ ದಾಟಿ ಆ ಬಂಡೆ ಮ್ಯಾಲೆ ಕೂರಾಣ.

ಸೊಸೆ: ಬ್ಯಾಡ ಅತ್ತೆ. ಅಲ್ಲಿ ಬೋರ್ಡು ಐತೆ, ನೋಡ್ರಿ.

ಅತ್ತೆ: ಏನಂತ ಬರ್ದೈತೆ?

ಸೊಸೆ: ನೀವೂ ಓದಾಕೆ ಕಲ್ತಿದ್ದೀರಲ್ಲ. ನೀವೇ ಓದ್ರಿ.

ಅತ್ತೆ: ಅ-ಪಾ-ಯ. ಅಪಾಯ! ಕಂಬಿ ದಾಟಬೇಡಿ.

ಸೊಸೆ: ಸರಿಯಾಗಿ ಓದಿದ್ರಿ. ಇಲ್ಲೇ ನಿಂತು ನೋಡಾಣ. ಇಲ್ಲಿಂದ್ಲೂ ರಾಣಿ ಚೆನ್ನಾಗಿ ಕಾಣ್ತಾಳೆ.

ಅತ್ತೆ: ಹೌದು ಕಣೆ. ಹಾಲು ಸುರಿದಂಗೆ ಐತೆ!

ಈ ಮಾತುಗಳನ್ನು ದೊಡ್ಡದಾಗಿ ಓದಿ:
ಅಪಾಯ.
ಕಂಬಿ ದಾಟಬೇಡಿ.
ನೀರಿಗೆ ಇಳಿಯಬೇಡಿ.
ಪ್ರವೇಶವಿಲ್ಲ. ಅಂದರೆ, ಒಳಗೆ ಹೋಗಬಾರದು.
ಹೆಂಗಸರ ಶೌಚಾಲಯ.

ಹೊಳೆ, ಕೆರೆ, ಫಾಲ್ಸ್ ಎಲ್ಲಿಗೇ ಹೋಗಿ, ಮೊದಲು ಬೋರ್ಡು ಓದಿ. ಓದು ಬಾರದವರು ಪಕ್ಕದಲ್ಲಿದ್ದರೆ ಅವರಿಗೂ ಓದಿ ಹೇಳಿ. ಮಕ್ಕಳ ಕೈ ಬಿಡಬೇಡಿ.

ಉತ್ತರ ಹೇಳಿ, ಬರೆಯಿರಿ:
1. ಶರಾವತಿ ಎಲ್ಲಿ ಹುಟ್ಟುತ್ತದೆ?
2. ಜೋಗದ ನಾಲ್ಕು ಕವಲುಗಳ ಹೆಸರೇನು?
3. ಹೊಳೆಯಲ್ಲಿ ನೀರು ಬೇಗ ಏರುವುದು ಯಾವಾಗ?
4. ನಿಮ್ಮೂರ ಕೆರೆ ಅಥವಾ ಹೊಂಡದ ಹತ್ತಿರ ಯಾವ ಬೋರ್ಡು ಬೇಕು? ನೀವೇ ಬರೆಯಿರಿ.